ಲಾಟರಿ ಪಟ್ಟಿಯಲ್ಲಿ ಅಳುಕು, ಪ್ರಶ್ನಾವಳಿಯಲ್ಲಿ ಧೈರ್ಯ: ಯಾವುದನ್ನು ನಂಬಲಿ?

ಪ್ರಶ್ನೆ: ಮೇಡಂ, ಪ್ರಬಂಧಕ್ಕಾಗಿ ಜನರ ಅಪಾಯ ಮನೋಭಾವವನ್ನು ಅಳೆಯುತ್ತಿದ್ದೇನೆ. ಹೋಲ್ಟ್-ಲಾರಿ ಲಾಟರಿ ಪಟ್ಟಿಯನ್ನೂ (ಪ್ರತಿ ಸಾಲಿನಲ್ಲೂ ‘ಎ’, ‘ಬಿ’ ಎಂಬ ಎರಡು ಲಾಟರಿಗಳಲ್ಲಿ ಒಂದನ್ನು ಆರಿಸುವ ಆಟ) ‘ಅಪಾಯ ಎದುರಿಸಲು ನೀವು ಎಷ್ಟು ಸಿದ್ಧ?’ ಎಂಬ 0–10ರ ಪ್ರಶ್ನೆಯನ್ನೂ ಅದೇ ಜನರ ಮುಂದಿಟ್ಟೆ. ಎರಡಕ್ಕೂ ತಾಳೆಯೇ ಇಲ್ಲ. ಕೆಲವರಂತೂ ಪಟ್ಟಿಯಲ್ಲಿ ‘ಎ’ಯಿಂದ ‘ಬಿ’ಗೆ, ಮತ್ತೆ ‘ಎ’ಗೆ ಎಂದು ಅತ್ತಿಂದಿತ್ತ ಜಿಗಿದಿದ್ದಾರೆ. ದತ್ತಾಂಶ ಕೆಟ್ಟಿದೆಯೇ?

ಉತ್ತರ: ತಾಳೆಯಾಗಿದ್ದರೆ ನಾನು ಅನುಮಾನಪಡುತ್ತಿದ್ದೆ! 2017ರಲ್ಲಿ ಫ್ರೈ ಮತ್ತು ಸಂಗಡಿಗರು 1,507 ಮಂದಿಯ ಮೇಲೆ 39 ಅಳತೆಗಳನ್ನು ಪ್ರಯೋಗಿಸಿದರು. ಜನರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಉತ್ತರಗಳು ಒಂದಕ್ಕೊಂದು ಹೊಂದಿದವು, ಕಾಲ ಕಳೆದರೂ ಹೆಚ್ಚು ಬದಲಾಗಲಿಲ್ಲ. ಲಾಟರಿಯಂಥ ಆಟಗಳು ತಮ್ಮತಮ್ಮಲ್ಲೇ ಹೊಂದಲಿಲ್ಲ. ಬಾಯಿಮಾತಿಗಿಂತ ಆಟವೇ ಪ್ರಾಮಾಣಿಕ ಎಂದು ನಂಬಿದ್ದ ನಮ್ಮಂಥ ಅರ್ಥಶಾಸ್ತ್ರಜ್ಞರಿಗೆ ಇದು ನುಂಗಲಾರದ ತುತ್ತು.

ಈಗ ಜಿಗಿದವರ ವಿಚಾರ. ಮೂಲ ಪಟ್ಟಿಯಲ್ಲಿ ಹತ್ತು ಸಾಲುಗಳಿವೆ: ‘ಎ’ಯಲ್ಲಿ 2 ಡಾಲರ್ ಅಥವಾ 1.60, ‘ಬಿ’ಯಲ್ಲಿ 3.85 ಅಥವಾ ಬರೀ 0.10. ದೊಡ್ಡ ಮೊತ್ತ ಸಿಗುವ ಸಂಭವ ಸಾಲಿನಿಂದ ಸಾಲಿಗೆ ಹತ್ತನೇ ಒಂದರಷ್ಟು ಏರುತ್ತದೆ. ಸರಾಸರಿ ಲಾಭವನ್ನಷ್ಟೇ ನೋಡುವವನು ನಾಲ್ಕು ಸಲ ‘ಎ’ ಆರಿಸಿ ಐದನೆಯದರಲ್ಲಿ ‘ಬಿ’ಗೆ ದಾಟುತ್ತಾನೆ, ಅಳುಕುವವನು ಇನ್ನೂ ತಡವಾಗಿ ದಾಟುತ್ತಾನೆ. ಕೊನೆಯ ಸಾಲಿನಲ್ಲಿ ಅದೃಷ್ಟದ ಮಾತೇ ಇಲ್ಲ, 2 ಡಾಲರೋ 3.85 ಡಾಲರೋ ಅಷ್ಟೇ. ಅಲ್ಲಿಯೂ ‘ಎ’ ಎಂದವರಿಗೆ ಪಟ್ಟಿ ಅರ್ಥವಾಗಿಲ್ಲವೆಂದೇ ತಿಳಿಯಿರಿ, ಅದು ಅಂಜಿಕೆಯಲ್ಲ. ನಡುವೆ ಹಿಂದೆಮುಂದೆ ಹೋದವರನ್ನು ಕಿತ್ತೆಸೆಯಬೇಡಿ. ಅವರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ವಿಶ್ಲೇಷಿಸಿ, ಎರಡನ್ನೂ ವರದಿ ಮಾಡಿ.

ಪ್ರಶ್ನೆ: ಹಾಗಾದರೆ ಒಂದೇ ಅಳತೆ ಇಟ್ಟುಕೊಳ್ಳುವುದಾದರೆ? ನನ್ನ ವಿಷಯ ಹೂಡಿಕೆ. ಅಂದಹಾಗೆ, ಪಟ್ಟಿಯಲ್ಲಿದ್ದ ಹಣ ಕಾಲ್ಪನಿಕ.

ಉತ್ತರ: ಹೂಡಿಕೆಯಾದರೆ ಹಣದ ಬಗ್ಗೆಯೇ ಕೇಳಿ. ಬೆಟ್ಟದ ಬಂಡೆಯನ್ನು ಹಗ್ಗವಿಲ್ಲದೆ ಹತ್ತುವವನೂ ಉಳಿತಾಯವನ್ನೆಲ್ಲ ನಿಶ್ಚಿತ ಠೇವಣಿಯಲ್ಲಿ ಇಟ್ಟಿರಬಹುದು. ವೆಬರ್, ಬ್ಲೇ, ಬೆಟ್ಜ್ 2002ರಲ್ಲಿ ರೂಪಿಸಿದ ಮಾಪಕ ಹಣಕಾಸು, ಆರೋಗ್ಯ, ಮನರಂಜನೆ, ನೈತಿಕತೆ, ಸಾಮಾಜಿಕ ಬದುಕು ಎಂದು ಐದು ಕ್ಷೇತ್ರಗಳನ್ನು ಬೇರ್ಪಡಿಸಿದ್ದು ಇದಕ್ಕೇ. ಅದರ ಹಣಕಾಸು ಭಾಗ ನಿಮಗೆ ಸಾಕು.

ಪಟ್ಟಿ ಬೇಕೇಬೇಕೆಂದರೆ ನಿಜವಾದ ಹಣ ಕೊಡಿ. ಹೋಲ್ಟ್ ಮತ್ತು ಲಾರಿ ಮೊತ್ತವನ್ನು 20 ಪಟ್ಟು ಏರಿಸಿದಾಗ, ಕೈಗೆ ಹಣ ಬರುವ ಆಟದಲ್ಲಿ ಜನ ಹೆಚ್ಚು ಜಾಗರೂಕರಾದರು. ಕಾಗದದ ಮೇಲಿನ ಹಣಕ್ಕೆ ಅಷ್ಟಾಗಿ ಅಲುಗಲಿಲ್ಲ. ಖರ್ಚಿಗೆ ಹೆದರಬೇಡಿ: ಹತ್ತು ಸಾಲುಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿ, ಅದಕ್ಕಷ್ಟೇ ಪಾವತಿಸಿದರೆ ಸಾಕು. ಆದರೆ ಈ ನಿಯಮವನ್ನು ಆಟಕ್ಕೆ ಮೊದಲೇ ತಿಳಿಸಿರಬೇಕು.