ಪಿಸಿಒಎಸ್ ಇದ್ದವರಿಗೆ ಬಸಿರಿನಲ್ಲಿ ಸಕ್ಕರೆ ಟೆಸ್ಟ್ ಎರಡು ಸಲ ಯಾಕೆ?

ಪ್ರಶ್ನೆ: ನನಗೆ ಮೊದಲಿಂದ ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ಹೆಚ್ಚುಕಮ್ಮಿ ಆಗುವ ತೊಂದರೆ) ಇದೆ, ಈಗ ಮೂರು ತಿಂಗಳು. ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಿದರು, ನಾರ್ಮಲ್ ಬಂತು. ಆರನೇ ತಿಂಗಳಲ್ಲಿ ಮತ್ತೆ ಮಾಡಿಸಬೇಕಂತೆ. ಒಂದು ಸಲ ಸಾಲದಾ? ಅತ್ತೆ ಬೇರೆ, ನನಗೊಬ್ಬಳಿಗೇ ಇಬ್ಬರ ಊಟ ಬಡಿಸುತ್ತಾರೆ.

ತುಮಕೂರಿನವಳು: ಸಾಲದು ಕಣ್ರೀ. ತಿಂಗಳು ತುಂಬುತ್ತಾ ಹೋದಂತೆ ಮಾಸಿನಿಂದ ಬರುವ ಹಾರ್ಮೋನ್‌ಗಳು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಅಡ್ಡ ಬರುತ್ತವೆ, ಪಿಸಿಒಎಸ್ ಇರುವ ತುಂಬಾ ಜನರಿಗೆ ಆ ತೊಂದರೆ ಮೊದಲೇ ಇರುತ್ತದೆ, ಅದಕ್ಕೇ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ನೋಡುವುದು. 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ ರಕ್ತದ ಸಕ್ಕರೆ 140 (mg/dL) ಅಥವಾ ಜಾಸ್ತಿ ಬಂದರೆ ಬಸಿರಿನ ಸಕ್ಕರೆ ಕಾಯಿಲೆ ಅಂತ ಲೆಕ್ಕ.

ಹಳೇ ಸದಸ್ಯೆ: ಎಲ್ಲರೂ ಸಕ್ಕರೆ ಹಿಂದೆ ಬೀಳ್ತಾರೆ, ಬಿಪಿ ಮರೀತಾರೆ. ಅದೂ ಪಿಸಿಒಎಸ್ ಇದ್ದವರಿಗೆ ಏರುವ ಸಾಧ್ಯತೆ ಜಾಸ್ತಿ. 20ನೇ ವಾರದ ನಂತರ ಬಿಡದ ತಲೆನೋವು, ಕಣ್ಣು ಮಂಜು, ಇದ್ದಕ್ಕಿದ್ದಂತೆ ಮುಖ ಊದುವುದು ಕಂಡರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮಂಡ್ಯದ ಹುಡುಗಿ: ಮೆಟ್‌ಫಾರ್ಮಿನ್ (ಸಕ್ಕರೆ ಹತೋಟಿಯ ಮಾತ್ರೆ, ಪಿಸಿಒಎಸ್‌ಗೂ ಕೊಡ್ತಾರೆ) ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ. ಅತ್ತೆಯನ್ನೂ ಒಂದು ಸಲ ಚೆಕಪ್‌ಗೆ ಕರ್ಕೊಂಡು ಹೋಗಿ, ಅನ್ನ ಕಮ್ಮಿ, ಪಲ್ಯ ಕೋಸಂಬರಿ ಜಾಸ್ತಿ ಅಂತ ಡಾಕ್ಟರ ಬಾಯಲ್ಲೇ ಹೇಳಿಸಿ. ನಾವು ಹೇಳಿದರೆ ಕೇಳ್ತಾರಾ?