ಸಸ್ಪೆನ್ಷನ್ ಬುಷ್‌ಗಳನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಕಾರಿನ ತಯಾರಿಕೆ ನಿಂತು ಬಹಳ ವರ್ಷಗಳಾದವು. ಮುಂದಿನ ಲೋಯರ್ ಆರ್ಮ್‌ನ (ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕೆಳತೋಳು) ಎರಡೆರಡು ಬುಷ್‌ಗಳು, ಅಂದರೆ ಕೀಲಿನಲ್ಲಿ ಕೂರುವ ರಬ್ಬರ್ ತುಂಡುಗಳು, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್‌ನ ಬುಷ್‌ಗಳು ಮತ್ತು ಹಿಂದಿನ ಶಾಕ್ ಅಬ್ಸಾರ್ಬರ್ ಕಣ್ಣಿನ (ತುದಿಯ ಬಳೆಯ) ಬುಷ್‌ಗಳು ಬಿರುಕು ಬಿಟ್ಟಿವೆ. ಬಿಡಿಭಾಗ ಎಲ್ಲೂ ಸಿಗುತ್ತಿಲ್ಲ. ಎರಡು ದ್ರವಗಳನ್ನು ಬೆರೆಸಿ ಹೊಯ್ಯುವ ಪಾಲಿಯುರೆಥೇನ್ ತಂದು ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಅಚ್ಚು ಕಡೆದುಕೊಡಲು ಲೇತ್ ಕೆಲಸ ಬಲ್ಲ ಗೆಳೆಯರಿದ್ದಾರೆ. ಇದು ಆಗುವ ಕೆಲಸವೇ? ಎಷ್ಟು ಗಡಸುತನದ ವಸ್ತು ತರಲಿ?

ಉತ್ತರ: ಆಗುವ ಕೆಲಸವೇ, ಆದರೆ ನೀವು ಹೇಳಿದ ಎಲ್ಲ ಬುಷ್‌ಗಳಿಗೂ ಅಲ್ಲ. ಗಡಸುತನದ ಪ್ರಶ್ನೆಗಿಂತ ಮೊದಲು, ಆ ಬುಷ್ ಕಾರಿನಲ್ಲಿ ಯಾವ ಯಾವ ದಿಕ್ಕಿಗೆ ಅಲುಗಾಡಬೇಕು ಎಂಬುದನ್ನು ನೋಡಬೇಕು.

ಕಾರ್ಖಾನೆಯ ಬುಷ್‌ನಲ್ಲಿ ಒಳಗೊಂದು ಉಕ್ಕಿನ ಸ್ಲೀವ್ (ಕೊಳವೆ), ಹೊರಗೊಂದು ಉಕ್ಕಿನ ಕವಚ, ನಡುವೆ ಎರಡಕ್ಕೂ ಕಚ್ಚಿಕೊಂಡ ರಬ್ಬರ್ ಇರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಅಲ್ಲಿ ಏನೂ ಜಾರುವುದಿಲ್ಲ, ರಬ್ಬರ್ ತಿರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ನೀವು ಮಾಡುವ ಪಾಲಿಯುರೆಥೇನ್ ಬುಷ್ ಹೀಗೆ ಕೆಲಸ ಮಾಡುವುದಿಲ್ಲ. ಅದು ಸ್ಲೀವ್‌ನ ಸುತ್ತ ಜಾರಿ ತಿರುಗುತ್ತದೆ. ನೇರ ಅಕ್ಷದ ಮೇಲೆ ತಿರುಗುವ ಕಡೆ ಅದು ಚೆನ್ನಾಗಿಯೇ ನಡೆಯುತ್ತದೆ. ತಿರುಗುವುದರ ಜೊತೆಗೆ ಓರೆಯಾಗಿ ಬಾಗಬೇಕಾದ ಕಡೆ ಮಾತ್ರ ಅದು ಬಿಗಿದುಕೊಂಡು, ಆ ಬಲವನ್ನೆಲ್ಲ ಆರ್ಮ್ ಹಿಡಿದಿರುವ ಬ್ರಾಕೆಟ್‌ಗೆ ದಾಟಿಸುತ್ತದೆ. ಬ್ರಾಕೆಟ್‌ನ ಬೆಸುಗೆ ಬಿರುಕು ಬಿಡುವುದು ಹೀಗೆ.

ಆದ್ದರಿಂದ ಸ್ಟೆಬಿಲೈಜರ್ ಬಾರ್‌ನ ಬುಷ್‌ಗಳನ್ನು ಧೈರ್ಯವಾಗಿ ಮಾಡಿ. ಆಕಾರ ಸರಳ. ಕೆಟ್ಟರೂ ಸದ್ದು ಬರುತ್ತದೆ, ಕಾರು ತಿರುವಿನಲ್ಲಿ ಸ್ವಲ್ಪ ಹೆಚ್ಚು ವಾಲುತ್ತದೆ, ಚಕ್ರದ ದಿಕ್ಕು ಕದಲುವುದಿಲ್ಲ. ಶಾಕ್ ಅಬ್ಸಾರ್ಬರ್ ಕಣ್ಣಿನ ಬುಷ್ ಕೂಡ ಮಾಡಬಹುದು, ಗಡಸು ಕಡಿಮೆಯಿರಲಿ.

ಲೋಯರ್ ಆರ್ಮ್‌ನ ಎರಡು ಬುಷ್‌ಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಗಟ್ಟಿಯಾಗಿ ತುಂಬಿದ ರಬ್ಬರ್ ಆಗಿದ್ದು, ಇನ್ನೊಂದರಲ್ಲಿ ಬಾಳೆಹಣ್ಣಿನಾಕಾರದ ಖಾಲಿ ಜಾಗಗಳಿದ್ದರೆ ಆ ಎರಡನೆಯದನ್ನು ಮನೆಯಲ್ಲಿ ಮಾಡಬೇಡಿ. ಆ ಖಾಲಿ ಜಾಗ ಹರಿದು ಆದದ್ದಲ್ಲ. ಚಕ್ರ ಗುಂಡಿಗೆ ಬಡಿದಾಗ ತುಸು ಹಿಂದಕ್ಕೆ ಸರಿಯಲಿ, ಅಡ್ಡಕ್ಕೆ ಸರಿಯದಿರಲಿ ಎಂದು ಲೆಕ್ಕ ಹಾಕಿ ಬಿಟ್ಟದ್ದು. ಅದಕ್ಕೆ ಅಳತೆ ಹೊಂದುವ ಬೇರೆ ಕಾರಿನ ಬುಷ್ ಹುಡುಕುವುದು ಅಥವಾ ಹಳೆಯ ಲೋಹಕ್ಕೆ ಹೊಸ ರಬ್ಬರ್ ಕಚ್ಚಿಸಿ ವಲ್ಕನೈಸ್ ಮಾಡಿಕೊಡುವವರ (ಶಾಖ ಕೊಟ್ಟು ರಬ್ಬರನ್ನು ಗಟ್ಟಿಗೊಳಿಸುವವರ) ಬಳಿ ಒಯ್ಯುವುದು ಸರಿಯಾದ ದಾರಿ. ಒಳಗೆ ದ್ರವ ತುಂಬಿದ ಬುಷ್‌ಗಳಿಗೂ ಇದೇ ಮಾತು.

ಗಡಸುತನಕ್ಕೆ ಬಂದರೆ, ಶೋರ್ ಎ ಮಾಪನದಲ್ಲಿ (ಅಂಕಿ ಹೆಚ್ಚಿದಷ್ಟೂ ಗಡಸು) ಕಾರ್ಖಾನೆಯ ರಬ್ಬರ್ ಸಾಮಾನ್ಯವಾಗಿ 50ರಿಂದ 70ರ ನಡುವೆ ಇರುತ್ತದೆ. ನಾನಾದರೆ ಶಾಕ್ ಅಬ್ಸಾರ್ಬರ್‌ಗೆ 70, ಸ್ಟೆಬಿಲೈಜರ್ ಬಾರ್‌ಗೆ 80, ಲೋಯರ್ ಆರ್ಮ್‌ನ ಗಟ್ಟಿ ಬುಷ್‌ಗೆ 75ರಿಂದ 80 ಆರಿಸುತ್ತೇನೆ. 95 ಹಾಕಿದರೆ ರಸ್ತೆಯ ಪ್ರತಿ ಕಲ್ಲೂ ಸ್ಟೀರಿಂಗ್‌ನಲ್ಲಿ ಕೈಗೆ ತಾಗುತ್ತದೆ. ಅದು ರೇಸ್ ಕಾರಿನವರಿಗೆ ಇರಲಿ.

ಪ್ರಶ್ನೆ ಕೇಳಿದವರು: ನೋಡಿದೆ ಸರ್, ನೀವು ಹೇಳಿದಂತೆಯೇ ಲೋಯರ್ ಆರ್ಮ್‌ನ ಹಿಂಬದಿಯ ಬುಷ್‌ನಲ್ಲಿ ಖಾಲಿ ಜಾಗಗಳಿವೆ. ಅದನ್ನು ಬಿಡುತ್ತೇನೆ. ಉಳಿದವನ್ನು ಹೊಯ್ಯುವ ವಿಧಾನ ಸ್ವಲ್ಪ ವಿವರಿಸುತ್ತೀರಾ?

ಉತ್ತರ: ಮೊದಲು ಉಸಿರಿನ ಮಾತು. ಈ ದ್ರವಗಳಲ್ಲಿ ಒಂದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಒಮ್ಮೆ ಮೈಗೆ ಒಗ್ಗದಂತಾದರೆ ಮುಂದೆ ತೀರಾ ಕಡಿಮೆ ಪ್ರಮಾಣವೂ ಆಸ್ತಮಾ ಎಬ್ಬಿಸಬಲ್ಲದು. ಬಟ್ಟೆಯ ಮಾಸ್ಕ್ ಸಾಲದು, ಸಾವಯವ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಬೇಕು. ನೈಟ್ರೈಲ್ ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಬೇಕು. ಮಕ್ಕಳು ಹತ್ತಿರ ಬಾರದಿರಲಿ. ಗಟ್ಟಿಗೊಳಿಸುವ ದ್ರವದ ಸುರಕ್ಷತಾ ಹಾಳೆಯಲ್ಲಿ ಮೋಕಾ ಎಂಬ ಹೆಸರಿದ್ದರೆ ತರಲೇಬೇಡಿ, ಅದು ಕ್ಯಾನ್ಸರ್‌ಕಾರಕ.

ಈ ವಸ್ತುವಿಗೆ ತೇವ ಕಂಡರಾಗದು. ನೀರು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಬುಷ್‌ನೊಳಗೆಲ್ಲ ಗುಳ್ಳೆಗಳಾಗುತ್ತವೆ. ಕಾಗದದ ಲೋಟ, ಮರದ ಕಡ್ಡಿ ಬಳಸಬೇಡಿ, ಅವುಗಳಲ್ಲಿ ತೇವ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಲೋಟ, ಲೋಹದ ಕಡ್ಡಿ ಇರಲಿ. ಅಚ್ಚನ್ನು ಬಿಸಿ ಮಾಡಿ ಒಣಗಿಸಿ, ಅಂಟದಂತೆ ಬಿಡಿಸುವ ದ್ರವ್ಯವನ್ನು ತೆಳುವಾಗಿ ಸವರಿ. ಮಳೆ ಹಿಡಿದ ದಿನ ಈ ಕೆಲಸ ಬೇಡ.

ಅಳತೆ ತೂಕದಲ್ಲೇ ಆಗಲಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ. ಕಣ್ಣಂದಾಜಿನಲ್ಲಿ ಬೆರೆಸಿದರೆ ಗಡಸು ಎಲ್ಲೋ ಹೋಗುತ್ತದೆ. ಲೋಟದ ಅಂಚು, ತಳ ಕೆರೆದು ಕೆರೆದು ಬೆರೆಸಿ, ಆಮೇಲೆ ಅಷ್ಟನ್ನೂ ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಬೆರೆಸಿ. ಮೊದಲ ಲೋಟದ ಗೋಡೆಗೆ ಅಂಟಿದ ಅರೆಬೆರಕೆಯ ದ್ರವವೇ ಸಿದ್ಧ ಬುಷ್‌ನಲ್ಲಿ ಜಿಗುಟು ಕಲೆಯಾಗಿ ಉಳಿಯುವುದು. ಅಂತಹ ಕಲೆ ಕಂಡರೆ ಆ ಬುಷ್ ಎಸೆಯಿರಿ, ದಿನ ಕಳೆದರೂ ಅದು ಗಟ್ಟಿಯಾಗದು. ವ್ಯಾಕ್ಯೂಮ್ ಪಾತ್ರೆಯಿದ್ದರೆ ಗಾಳಿ ತೆಗೆಯಿರಿ. ಹೊಯ್ಯುವಾಗ ಒಂದೇ ಮೂಲೆಯಿಂದ, ನೂಲಿನಂತೆ ಸಣ್ಣ ಧಾರೆಯಾಗಿ, ತಳದಿಂದ ತುಂಬುತ್ತಾ ಬರಲಿ.

ಪ್ರತಿ ಸಲ ಬೆರೆಸಿದಾಗಲೂ ಒಂದು ಸಣ್ಣ ಬಿಲ್ಲೆಯನ್ನೂ ಹೊಯ್ದಿಡಿ, ದಪ್ಪ ಕನಿಷ್ಠ 6 ಮಿಲಿಮೀಟರ್ ಇರಲಿ. ಅದಕ್ಕಿಂತ ತೆಳುವಾದರೆ ಗಡಸು ಅಳೆಯುವ ಡ್ಯೂರೋಮೀಟರ್ ತಪ್ಪು ತೋರಿಸುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗುವ ವಸ್ತುವಾದರೆ ಸುಮಾರು ಒಂದು ದಿನಕ್ಕೆ ಅಚ್ಚಿನಿಂದ ಬಿಡುತ್ತದೆ, ಪೂರ್ಣ ಬಲ ಬರಲು ವಾರ ಬೇಕು. ಆ ವಾರ ಕಾಯಿರಿ.

ಅಚ್ಚು ಕಡೆಯುವ ನಿಮ್ಮ ಗೆಳೆಯರಿಗೆ ಒಂದು ಮಾತು ಹೇಳಿ. ಒಳಗಿನ ಉಕ್ಕಿನ ಸ್ಲೀವ್ ಬುಷ್‌ಗಿಂತ ಕೂದಲೆಳೆಯಷ್ಟಾದರೂ ಉದ್ದವಿರಬೇಕು. ಬೋಲ್ಟ್ ಬಿಗಿದಾಗ ಬ್ರಾಕೆಟ್ ಹಿಡಿಯಬೇಕಾದದ್ದು ಉಕ್ಕನ್ನು, ಪಾಲಿಯುರೆಥೇನನ್ನಲ್ಲ. ಬುಷ್ ಉದ್ದವಾದರೆ ಆರ್ಮ್ ಬಿಗಿದುಕೊಳ್ಳುತ್ತದೆ, ಬೋಲ್ಟ್ ಕ್ರಮೇಣ ಸಡಿಲವಾಗುತ್ತದೆ.

ಇನ್ನೊಬ್ಬ ಸದಸ್ಯರು: ಕಾರಿನ ಮುಂದಿನ ಗಾಜು ಅಂಟಿಸುವ ಪಾಲಿಯುರೆಥೇನ್ ಸೀಲಂಟ್ ತುಂಬಿ ಹಳೆಯ ಬುಷ್ ಸರಿಮಾಡುತ್ತಾರಲ್ಲ, ಅದು ಸುಲಭವಲ್ಲವೇ? ನೈಲಾನ್ ಸರಳು ಕಡೆದು ಹಾಕಿದರೆ ಹೇಗೆ?

ಉತ್ತರ: ಎಂಜಿನ್ ಮೌಂಟ್‌ನ (ಎಂಜಿನ್ ಕೂರುವ ರಬ್ಬರ್ ಆಧಾರ) ಖಾಲಿ ಜಾಗ ತುಂಬಲು ಸೀಲಂಟ್ ಬಳಸುವವರಿದ್ದಾರೆ, ಅಲ್ಲಿಗೆ ಒಪ್ಪುತ್ತೇನೆ. ಆದರೆ ಅದು ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವಂಥದ್ದು. ದಪ್ಪ ಬುಷ್‌ನ ನಡುವೆ ಬಹಳ ದಿನ ಹಸಿಯಾಗಿಯೇ ಉಳಿಯುತ್ತದೆ. ಹರಿದ ರಬ್ಬರನ್ನು ಅದು ಕೂಡಿಸುವುದೂ ಇಲ್ಲ. ಚಕ್ರದ ದಿಕ್ಕು ಹಿಡಿದಿಡುವ ಆರ್ಮ್‌ನಲ್ಲಿ ಅದನ್ನು ನಂಬಬೇಡಿ.

ನೈಲಾನ್ ತೇವ ಹೀರಿ ಉಬ್ಬುತ್ತದೆ. ಕಡೆಯುವುದೇ ಆದರೆ ಅಸಿಟಾಲ್ ಎಂಬ ಪ್ಲಾಸ್ಟಿಕ್ ಮೇಲು. ಆದರೂ ದಿನಬಳಕೆಯ ಕಾರಿಗೆ ಎರಡೂ ತೀರಾ ಗಡಸು.

ಪ್ರಶ್ನೆ ಕೇಳಿದವರು: ಹಳೆಯ ರಬ್ಬರನ್ನು ಸುಟ್ಟು ತೆಗೆಯಬಹುದೇ? ಜೋಡಿಸುವಾಗ ಎಂಜಿನ್ ಗ್ರೀಸ್ ಸಾಕೇ?

ಉತ್ತರ: ಸುಡಬೇಡಿ. ಹೊಗೆ ವಿಷ, ಆರ್ಮ್ ಅಲ್ಯೂಮಿನಿಯಂ ಆಗಿದ್ದರೆ ಶಾಖಕ್ಕೆ ಅದರ ಬಲವೂ ಕುಗ್ಗುತ್ತದೆ. ಸಣ್ಣ ಡ್ರಿಲ್‌ನಿಂದ ರಬ್ಬರ್‌ನ ಸುತ್ತ ತೂತು ಕೊರೆದು ಸ್ಲೀವನ್ನು ಹೊರಕ್ಕೆ ತಳ್ಳಿ. ನಿಮ್ಮ ಅಚ್ಚನ್ನು ಹೊರ ಕವಚದ ಒಳವ್ಯಾಸಕ್ಕೆ ಕಡೆಸಿದ್ದರೆ ಕವಚವನ್ನು ಆರ್ಮ್‌ನಲ್ಲೇ ಉಳಿಸಿ, ಒಳಗಡೆ ಕೆರೆದು ಸ್ವಚ್ಛಗೊಳಿಸಿದರೆ ಸಾಕು. ಕವಚವೂ ಬರಬೇಕೆಂದಿದ್ದರೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಉದ್ದಕ್ಕೂ ಸೀಳಿ, ಬ್ಲೇಡ್ ಆರ್ಮ್‌ಗೆ ತಾಗುವ ಮುಂಚೆ ನಿಲ್ಲಿಸಿ, ಉಳಿಯಿಂದ ಒಳಕ್ಕೆ ಮಡಚಿ.

ಗ್ರೀಸ್ ಸಿಲಿಕೋನ್ ಆಧಾರಿತವೇ ಇರಲಿ, ನೀರಿಗೆ ತೊಳೆದುಹೋಗದ ದಪ್ಪನೆಯದು. ಸ್ಲೀವ್‌ನ ಹೊರಮೈಗೂ ಬುಷ್‌ನ ಎರಡೂ ಪಕ್ಕಗಳಿಗೂ ಸವರಿ. ಇದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಕಿರ್ರೆಂದು ಸದ್ದು ಶುರುವಾಗುತ್ತದೆ.

ಲೋಯರ್ ಆರ್ಮ್‌ನ ಹಿಂಬದಿಗೆ ರಬ್ಬರ್ ಬುಷ್ ಹಾಕಿಸುತ್ತೀರಲ್ಲ, ಅದರ ಬೋಲ್ಟನ್ನು ಕಾರು ಜಾಕ್ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರಗಳು ಭಾರ ಹೊತ್ತು ಕಾರು ತನ್ನ ಸಹಜ ಎತ್ತರಕ್ಕೆ ಬಂದ ಮೇಲೆ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ, ತಯಾರಕರು ಹೇಳಿದಷ್ಟೇ ಬಿಗಿಯಿರಿ. ಇಲ್ಲವಾದರೆ ರಬ್ಬರ್ ನಿಂತಲ್ಲೇ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕಬ್ಬಿಣದ ಪಟ್ಟಿಯಿಂದ ಆರ್ಮನ್ನು ಮೀಟಿ ನೋಡಿ. ಬುಷ್‌ನ ಅಂಚು ಪುಡಿಯಾಗಿದ್ದರೆ ಅಥವಾ ಸ್ಲೀವ್‌ನ ಸುತ್ತ ಬೆಳಕು ಕಾಣುವಷ್ಟು ಸಂದು ಬಿದ್ದಿದ್ದರೆ ಕಾರು ಓಡಿಸದೆ ಅದರ ಚಿತ್ರ ಇಲ್ಲಿ ಹಾಕಿ. ಬಿಲ್ಲೆಯ ಗಡಸು ಎಷ್ಟು ಬಂದಿತ್ತು ಎಂಬುದನ್ನೂ ಬರೆಯಿರಿ, ಎರಡನ್ನೂ ನೋಡಿ ಹೇಳುತ್ತೇನೆ.