ಬೇಳೆ ಗಿರಣಿಯ ಲಾಭದಲ್ಲಿ ರೈತರಿಗೆ ಪಾಲು: ಯಾವ ದಾರಿ?

ಪ್ರಶ್ನೆ (ಆಳಂದ ತಾಲ್ಲೂಕು): ಶರಣು ಮೇಡಂ. ಊರಿನಲ್ಲಿ ಸಣ್ಣ ತೊಗರಿ ಬೇಳೆ ಗಿರಣಿ ಹಾಕುತ್ತಿದ್ದೇನೆ. ಕೈಗಡ ತೀರಿಸುವ ಅವಸರಕ್ಕೆ ನಮ್ಮ ರೈತರು ರಾಶಿ ಮುಗಿದ ಕೂಡಲೇ ಬಂದ ಬೆಲೆಗೆ ಮಾರಿಬಿಡುತ್ತಾರೆ. ಬೇಳೆಯ ಲಾಭದಲ್ಲಿ ಅವರಿಗೂ ಪಾಲು ಸಿಗಬೇಕು ಎಂಬುದು ನನ್ನ ಆಸೆ. ಸಮಾಜಸೇವೆಯ ಉದ್ದೇಶವಿದ್ದರೆ ಸೆಕ್ಷನ್ 8 ಕಂಪನಿ (ಕಂಪನಿ ಕಾಯ್ದೆಯಡಿ ಲಾಭೋದ್ದೇಶವಿಲ್ಲದೆ ನಡೆಯುವ ಕಂಪನಿ) ಮಾಡು ಎನ್ನುತ್ತಾರೆ ಗೆಳೆಯರು. ಸರಿಯೇ?

ಉತ್ತರ (ಲೆಕ್ಕಪರಿಶೋಧಕಿ, ಕಲಬುರಗಿ): ಶರಣು. ಬೇಡ. ಸೆಕ್ಷನ್ 8 ಕಂಪನಿ ಸದಸ್ಯರಿಗೆ ಲಾಭಾಂಶ ಹಂಚುವಂತಿಲ್ಲ. ನೀವು ಹಂಚಲು ಹೊರಟಿರುವುದೇ ಲಾಭವನ್ನು! ಬೆಳೆಗಾರರೇ ಸದಸ್ಯರೂ ಒಡೆಯರೂ ಆಗಿರುವ ರೈತ ಉತ್ಪಾದಕ ಕಂಪನಿಯನ್ನು ನೋಡಿ. ಹತ್ತು ಬೆಳೆಗಾರರು ಸೇರಿದರೆ ನೋಂದಾಯಿಸಬಹುದು, ನಿರ್ದೇಶಕರು ಕನಿಷ್ಠ ಐವರಿರಬೇಕು. ಬೆಳೆಗಾರರಷ್ಟೇ ಸದಸ್ಯರಾಗಿರುವಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ವರ್ಷದ ಕೊನೆಯಲ್ಲಿ ಮಿಗತೆ ಉಳಿದರೆ, ಯಾರು ಎಷ್ಟು ತೊಗರಿ ಹಾಕಿದ್ದರೋ ಅದಕ್ಕೆ ತಕ್ಕಂತೆ ಬೋನಸ್ ಕೊಡಬಹುದು. ರೈತರಿಗೆ ಅದು ನಿಮ್ಮ ಔದಾರ್ಯವಾಗಿ ಅಲ್ಲ, ಹಕ್ಕಾಗಿ ಸಿಗುತ್ತದೆ. ನಾಳೆ ನೀವಿಲ್ಲದಿದ್ದರೂ ಸಿಗಬೇಕಲ್ಲವೇ?

ಆದರೆ ಕೈಗಡ ಕೊಟ್ಟವನು ವರ್ಷದ ಬೋನಸ್‌ಗೆ ಕಾಯುವುದಿಲ್ಲ. ತೂಕ ಮಾಡಿದ ದಿನವೇ ಹಣ ಕೊಡುವಷ್ಟು ದುಡಿಯುವ ಬಂಡವಾಳ ಇಲ್ಲದೆ ಆರಂಭಿಸಬೇಡಿ. ಕಾಯಬಲ್ಲ ರೈತರು ನೋಂದಾಯಿತ ಗೋದಾಮಿನಲ್ಲಿ ತೊಗರಿ ಇಟ್ಟು, ರಸೀದಿಯ ಮೇಲೆ ಬ್ಯಾಂಕ್ ಸಾಲ ಪಡೆಯಬಹುದು. ಖರೀದಿಗೆ ಒಂದು ತಳಬೆಲೆಯನ್ನು ಬರೆದಿಡಿ. 2025-26ರ ಮುಂಗಾರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅದಕ್ಕಿಂತ ಇಳಿಯುವುದಿಲ್ಲ ಎನ್ನಲು ಸಾಧ್ಯವೇ ಎಂದು ಮೊದಲೇ ಲೆಕ್ಕ ಹಾಕಿ.

ಮರುಪ್ರಶ್ನೆ: ಯಂತ್ರಕ್ಕೆ ಸಾಲ ತೆಗೆದವನು ನಾನು ಮೇಡಂ. ಗಿರಣಿಯೇ ಕೈತಪ್ಪಿದರೆ?

ಉತ್ತರ: ನಿಮ್ಮ ಭಯ ನ್ಯಾಯವಾದದ್ದು. ಗಿರಣಿ ನಿಮ್ಮ ಹೆಸರಿನಲ್ಲೇ ಇರಲಿ. ರೈತರ ಕಂಪನಿಯ ತೊಗರಿಯನ್ನು ಕ್ವಿಂಟಲ್‌ಗೆ ಇಷ್ಟು ಎಂಬ ಕೂಲಿಗೆ ಬೇಳೆ ಮಾಡಿಕೊಡಿ. ಬೇಳೆ ಅವರದು, ಮಾರಾಟ ಅವರದು. ನಿಮ್ಮ ಕಂತು ಕೂಲಿಯಿಂದ ತೀರುತ್ತದೆ. ನೀವೂ ಬೆಳೆಗಾರರಾಗಿ ನಿರ್ದೇಶಕರಾದರೆ ಆ ಕೂಲಿಯಲ್ಲಿ ನಿಮ್ಮ ಹಿತ ಇದೆ ಎಂಬುದನ್ನು ಮಂಡಳಿಗೆ ತಿಳಿಸಲೇಬೇಕು. ದರವನ್ನು ಸದಸ್ಯರ ಸಭೆಯ ಮುಂದಿಡಿ, ನೀವು ಮತ ಹಾಕಬೇಡಿ. ಇನ್ನು ಮುಖ್ಯ ಕಾರ್ಯನಿರ್ವಾಹಕರು ಸದಸ್ಯರಲ್ಲದವರೇ ಆಗಿರಬೇಕು ಎನ್ನುತ್ತದೆ ಕಾನೂನು; ಊರಿನ ಓದಿದ ಹುಡುಗಿಯೊಬ್ಬಳಿಗೆ ಆ ಕೆಲಸ ಸಿಕ್ಕರೆ ನನಗೆ ಬಹಳ ಸಂತೋಷ.

ಪೊಟ್ಟಣದ ಮೇಲೆ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಭೌಗೋಳಿಕ ಗುರುತು (ಜಿಐ ಟ್ಯಾಗ್) ಹಾಕುವ ಯೋಚನೆಯಿದ್ದರೆ, ಅದು 2019ರಲ್ಲೇ ನೋಂದಣಿಯಾಗಿದೆ. ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಂಡ ಮೇಲೆಯೇ ಮುದ್ರಿಸಿ.

ಇನ್ನೊಬ್ಬರ ಪ್ರಶ್ನೆ (ಚಿತ್ತಾಪುರ): ನುಚ್ಚು, ಹೊಟ್ಟು ಯಾರಿಗೆ ಅಕ್ಕಾ? ದನದ ಮೇವಿಗೆ ಅವಕ್ಕೂ ಬೆಲೆ ಇದೆ.

ಉತ್ತರ: ಒಳ್ಳೆಯ ಪ್ರಶ್ನೆ ಅಣ್ಣಾ. ಬೇಳೆಯ ಲೆಕ್ಕ ತೋರಿಸಿ ನುಚ್ಚಿನ ಲೆಕ್ಕ ಮರೆಯುವವರು ಬಹಳ. ಅದೂ ರೈತರ ಮಾಲು. ಗಿರಣಿಯವರೇ ಇಟ್ಟುಕೊಳ್ಳುವುದಾದರೆ ಅದರ ಬೆಲೆಯನ್ನು ಕೂಲಿಯಲ್ಲಿ ಕಳೆಯಬೇಕು ಎಂದು ಕರಾರಿನಲ್ಲೇ ಬರೆಸಿ.